ಚಿತ್ರದ ಕೆಳಗಿನ ಎರಡು ಸಾಲು

ಬೇರೆ ಭಾಷೆಯ ಸಿನಿಮಾ ನೋಡುವಾಗ ಚಿತ್ರದ ಕೆಳಗೆ ಎರಡು ಸಾಲು ಅಕ್ಷರ ಮೂಡುತ್ತದೆ, ಓದಿ ಮುಗಿಸುವಷ್ಟರಲ್ಲಿ ಮಾಯವಾಗುತ್ತದೆ. ಅದನ್ನು ಬರೆದವರು ಯಾರೆಂದು ನಾವು ಕೇಳುವುದಿಲ್ಲ. ದಂಡೆ ಮುಡಿದವರು ಹೂ ಕಟ್ಟಿದವಳ ಹೆಸರು ಕೇಳುತ್ತಾರೆಯೇ? ಈಗ ಈ ಸಾಲುಗಳನ್ನು ಕಂಪನಿಗಳು ದುಡ್ಡು ಕೊಟ್ಟು ಬರೆಸುತ್ತವೆ. ಆದರೆ ಜಪಾನಿನ ಕಾರ್ಟೂನು ಚಿತ್ರಗಳ ಮಟ್ಟಿಗೆ ಹೇಳುವುದಾದರೆ, ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ಹಲವು ವರ್ಷ ಈ ಕೆಲಸ ಬಹುಪಾಲು ನಡೆದದ್ದು ಮನೆಗಳಲ್ಲಿ. ಎರಡು ವಿ.ಸಿ.ಆರ್., ಒಂದು ಕಂಪ್ಯೂಟರ್, ಅವುಗಳ ನಡುವೆ ಒಂದಷ್ಟು ವಯರು. ಕೂಲಿ ಮಾತ್ರ ಯಾರಿಗೂ ಇಲ್ಲ. ಕಾನೂನಿನ ಕಣ್ಣಿಗೆ ಅದು ಕಳ್ಳತನ. ಮಾಡಿದವರ ಪಾಲಿಗೆ ಸೇವೆ. ಇವೆರಡರ ನಡುವೆ ಅವರು ತಮಗೆ ತಾವೇ ಒಂದು ಕಟ್ಟಳೆ ಮಾಡಿಕೊಂಡು, ಸುಮಾರಾಗಿ ಅದರಂತೆ ನಡೆದುಕೊಂಡರು. ಕಂಪ್ಯೂಟರನ್ನು ಹವ್ಯಾಸಕ್ಕೆಂದು ಬಿಚ್ಚಿ ಜೋಡಿಸುವ ಗೀಳಿನ ನನಗೆ ಈ ಕಥೆಯಲ್ಲಿ ಮೊದಲು ಹಿಡಿಸಿದ್ದು ಯಂತ್ರಗಳು. ಆಮೇಲೆ ಆ ಕಟ್ಟಳೆ.

ಜಪಾನಿನವರು ಆ್ಯನಿಮೇಷನ್ ಎಂಬ ಇಂಗ್ಲಿಷ್ ಪದದ ಬಾಲ ಕತ್ತರಿಸಿ 'ಅನಿಮೆ' ಎಂದರು. ಒಸಾಮು ತೆಜುಕಾ ಎಂಬ ಚಿತ್ರಕಾರನ ಆ್ಯಸ್ಟ್ರೋ ಬಾಯ್ 1963ರ ಜನವರಿ 1ರಂದು ಜಪಾನಿನ ಟಿ.ವಿ.ಯಲ್ಲಿ ಶುರುವಾಯಿತು, ಅದೇ ವರ್ಷ ಅಮೆರಿಕಕ್ಕೂ ಹೋಯಿತು. ನಮ್ಮಲ್ಲಿ ಅನಿಮೆ ಎಂಬ ಹೆಸರು ಗೊತ್ತಿಲ್ಲದವರೂ ಅದನ್ನು ನೋಡಿದ್ದಾರೆ. 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿ ಬರುತ್ತಿದ್ದನಲ್ಲ, ಚಡ್ಡಿ ತೊಟ್ಟ ಹುಡುಗ, ಅವನನ್ನು 1989ರಲ್ಲಿ ಚಿತ್ರಿಸಿದ್ದು ಟೋಕಿಯೋದ ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆ. ಭಾರತದ ಕಾಡಿನ ಕಥೆ, ಇಂಗ್ಲಿಷಿನವನು ಬರೆದದ್ದು, ಜಪಾನಿನವರು ಚಿತ್ರಿಸಿದ್ದು, ಹಿಂದಿಯಲ್ಲಿ ಮಾತಾಡಿದ್ದು. ಕರ್ನಾಟಕದ ಮಕ್ಕಳೂ ಹಲ್ಲುಜ್ಜದೆ ಟಿ.ವಿ. ಮುಂದೆ ಕುಳಿತರು.

ಅಮೆರಿಕದಲ್ಲಿ ಕಥೆ ಶುರುವಾಗುವುದು ಲಾಸ್ ಏಂಜಲೀಸಿನಿಂದ. ಅಲ್ಲಿ ನೆಲೆಸಿದ್ದ ಜಪಾನಿ ಕುಟುಂಬಗಳಿಗಾಗಿ 1970ರ ದಶಕದ ನಡುವೆ ಒಂದು ಸ್ಥಳೀಯ ಚಾನೆಲ್ಲಿನಲ್ಲಿ ದೈತ್ಯ ಯಂತ್ರಮಾನವರ ಧಾರಾವಾಹಿಗಳು ಬರುತ್ತಿದ್ದವು. ಜಪಾನಿ ಬಾರದ ಕೆಲವರು ಅದಕ್ಕೆ ಮರುಳಾದರು. 1977ರ ಮೇ ತಿಂಗಳಲ್ಲಿ ಫ್ರೆಡ್ ಪ್ಯಾಟನ್ ಮತ್ತು ಗೆಳೆಯರು ಸೇರಿ ಕಾರ್ಟೂನ್ ಫ್ಯಾಂಟಸಿ ಆರ್ಗನೈಜೇಷನ್ ಎಂಬ ಕೂಟ ಕಟ್ಟಿದರು. ಆಗ ಮನೆಯಲ್ಲಿ ಟಿ.ವಿ. ಕಾರ್ಯಕ್ರಮ ಹಿಡಿದಿಟ್ಟುಕೊಳ್ಳುವ ಯಂತ್ರವೇ ಹೊಸದು. ಸೋನಿಯವರ ಬೀಟಾಮ್ಯಾಕ್ಸ್ ಬಂದದ್ದು 1975ರಲ್ಲಿ, ಜೆ.ವಿ.ಸಿ.ಯವರ ವಿ.ಎಚ್.ಎಸ್. ಬಂದದ್ದು 1976ರಲ್ಲಿ. ಕೂಟದವರು ಜಪಾನಿನ ಅಭಿಮಾನಿಗಳೊಡನೆ ಪತ್ರ ಬರೆದು ವಿನಿಮಯ ಕುದುರಿಸಿದರು. ಇಲ್ಲಿಂದ ಸ್ಟಾರ್ ಟ್ರೆಕ್ ಕ್ಯಾಸೆಟ್, ಅಲ್ಲಿಂದ ಅನಿಮೆ ಕ್ಯಾಸೆಟ್. ರಾಗಿ ಕೊಟ್ಟು ಅಕ್ಕಿ ತಂದ ಹಾಗೆ.

ಇದು ಸಾಧ್ಯವಾದದ್ದಕ್ಕೆ ಒಂದು ಪುಟ್ಟ ತಾಂತ್ರಿಕ ಕಾರಣವಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಅಮೆರಿಕ, ಜಪಾನ್ ಎರಡೂ ದೇಶಗಳ ಟಿ.ವಿ. ಪದ್ಧತಿ ಒಂದೇ, ಎನ್.ಟಿ.ಎಸ್.ಸಿ. ಎಂದು, ಚಿತ್ರಕ್ಕೆ 525 ಗೆರೆ. ಟೋಕಿಯೋದ ಕ್ಯಾಸೆಟ್ಟು ಲಾಸ್ ಏಂಜಲೀಸಿನ ಯಂತ್ರದಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಭಾರತದ್ದು, ಯುರೋಪಿನ ಬಹುಭಾಗದ್ದು ಪಾಲ್ ಪದ್ಧತಿ, 625 ಗೆರೆ. ಅಮೆರಿಕದಿಂದ ಮಗ ಕಳಿಸಿದ ಕ್ಯಾಸೆಟ್ಟನ್ನು ಇಲ್ಲಿನ ವಿ.ಸಿ.ಆರ್.ಗೆ ಹಾಕಿ, ಉರುಳುವ ಗೆರೆಗಳನ್ನಷ್ಟೇ ನೋಡಿದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿದ್ದವು! ಆ ಗೆರೆಯ ಲೆಕ್ಕ ಹೊಂದಿಕೊಂಡಿದ್ದರಿಂದಲೇ ಅನಿಮೆಯ ಹುಚ್ಚು ಅಮೆರಿಕದಲ್ಲಿ ಕ್ಯಾಸೆಟ್ಟಿನ ಮೇಲೆ ಬೆಳೆಯಿತು.

ಕ್ಯಾಸೆಟ್ಟು ಬಂತು, ಚಿತ್ರ ಬಂತು. ಭಾಷೆ? ಕೂಟದಲ್ಲಿ ಅಷ್ಟಿಷ್ಟು ಜಪಾನಿ ಬಲ್ಲವರೊಬ್ಬರು ಟಿ.ವಿ. ಪಕ್ಕ ನಿಂತು ಕಥೆ ಹೇಳುತ್ತಿದ್ದರು. ಇಲ್ಲವೇ ಟೈಪು ಮಾಡಿದ ಸಾರಾಂಶದ ಹಾಳೆಗಳನ್ನು ಹಂಚುತ್ತಿದ್ದರು. ಕತ್ತಲಲ್ಲಿ ಅದನ್ನು ಓದಲಾಗದು, ದೀಪ ಹಾಕಿದರೆ ಚಿತ್ರ ಕಾಣದು. ಯಕ್ಷಗಾನಕ್ಕೆ ಮೊದಲ ಸಲ ಬಂದ ಪರವೂರಿನ ಅಳಿಯನಿಗೆ ಪಕ್ಕದಲ್ಲಿ ಕುಳಿತ ಭಾವಮೈದುನ ಪಿಸುಗುಟ್ಟುವ ಹಾಗಿತ್ತು ವ್ಯವಸ್ಥೆ.

ಇಲ್ಲಿ ಸ್ವಲ್ಪ ಜಪಾನಿಗೆ ಹೋಗಿ ಬರಬೇಕು. ಏಕೆಂದರೆ ಅಮೆರಿಕದ ಈ ಕೂಟಗಳ ಫೋಟೋ ನೋಡಿದರೆ ಗಂಡು ಮಕ್ಕಳೇ ತುಂಬಿದ್ದಾರೆ. ಅನಿಮೆ, ಕಂಪ್ಯೂಟರ್, ಎರಡೂ ಗಂಡಸರ ಆಟ ಎಂದು ಅನ್ನಿಸಿಬಿಡುತ್ತದೆ. ಜಪಾನಿನಲ್ಲಿ ಅಭಿಮಾನಿಗಳು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕಗಳ ಸಂತೆಯೊಂದು ನಡೆಯುತ್ತದೆ, ಕಾಮಿಕ್ ಮಾರ್ಕೆಟ್ ಎಂದು. ಅದರ ಮೊದಲ ಸಂತೆ 1975ರ ಡಿಸೆಂಬರ್ 21ರಂದು ಟೋಕಿಯೋದ ಒಂದು ಸಭಾಂಗಣದಲ್ಲಿ ನೆರೆಯಿತು. ಮಳಿಗೆ ಹಾಕಿದ ಗುಂಪುಗಳು 32. ಬಂದವರು ಸುಮಾರು 700 ಜನ. ಅವರಲ್ಲಿ ಹೆಚ್ಚಿನವರು ಹೈಸ್ಕೂಲು ಓದುವ ಹುಡುಗಿಯರು! ಮೋಟೋ ಹಾಗಿಯೋರಂಥ ಲೇಖಕಿಯರು ಹುಡುಗಿಯರಿಗಾಗಿ ಬರೆಯುತ್ತಿದ್ದ ಚಿತ್ರಕಥೆಗಳನ್ನು ಓದಿ, ಅವುಗಳ ಬಗ್ಗೆ ಬರೆದು, ಚಿತ್ರ ಬಿಡಿಸಿ, ಹೊಲಿದು ತಂದವರು. ಅದೇ ಸಂತೆ 2019ರ ಡಿಸೆಂಬರಿನಲ್ಲಿ ನಾಲ್ಕು ದಿನ ನಡೆದಾಗ ಬಂದವರ ಲೆಕ್ಕ ಏಳೂವರೆ ಲಕ್ಷ. ಈ ದೊಡ್ಡ ಜಾತ್ರೆಯ ಮೊದಲ ತೇರೆಳೆದದ್ದು ಜಡೆ ಹಾಕಿದ ಹುಡುಗಿಯರು ಎಂಬುದನ್ನು ಚರಿತ್ರೆ ಹೇಳುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾನು ಒಂದು ಪ್ಯಾರಾ ಬರೆದೆ, ಅಷ್ಟೇ.

ಇಂಥ ಹುಚ್ಚಿನವರಿಗೆ ಜಪಾನಿನಲ್ಲಿ 'ಒತಾಕು' ಎನ್ನುತ್ತಾರೆ. ಪದದ ಮೂಲ ಅರ್ಥ 'ನಿಮ್ಮ ಮನೆ'. ಹೆಚ್ಚು ಪರಿಚಯವಿಲ್ಲದವರನ್ನು ಗೌರವದಿಂದ 'ತಾವು' ಎಂದು ಕರೆಯಲು ಅದನ್ನು ಬಳಸುತ್ತಾರೆ. ಅಭಿಮಾನಿಗಳು ಒಬ್ಬರನ್ನೊಬ್ಬರು ಹಾಗೆ ಕರೆದುಕೊಳ್ಳುವುದನ್ನು ಗೇಲಿ ಮಾಡಿ ಅಕಿಯೋ ನಕಾಮೋರಿ ಎಂಬ ಅಂಕಣಕಾರ 1983ರಲ್ಲಿ ಬರೆದ. ಗೇಲಿ ಹೆಸರಾಗಿ ನಿಂತಿತು. ಮುಂದೆ ಅಮೆರಿಕದವರು ಅದೇ ಹೆಸರನ್ನು ಹೆಮ್ಮೆಯಿಂದ ಹಾಕಿಕೊಂಡರು. ಮನೆಯಲ್ಲೇ ಕುಳಿತು ಮಾಡಿದ ಕೆಲಸಕ್ಕೆ 'ನಿಮ್ಮ ಮನೆ' ಎಂಬ ಹೆಸರು ಚೆನ್ನಾಗಿಯೇ ಹೊಂದುತ್ತದೆ.

ಅಮೆರಿಕದ ಕಂಪನಿಗಳು ಈ ಚಿತ್ರಗಳನ್ನು ತರುತ್ತಲೇ ಇರಲಿಲ್ಲ ಎಂದಲ್ಲ. ತರುತ್ತಿದ್ದರು, ಆದರೆ ದರ್ಜಿ ಹಳೆಯ ಸೀರೆಯಲ್ಲಿ ಲಂಗ ಹೊಲಿದಂತೆ ಕತ್ತರಿಸಿ. ಹಯಾವೊ ಮಿಯಾಜಾಕಿಯ ನೌಸಿಕಾ ಎಂಬ ಸಿನಿಮಾ 1984ರದು. ವಿಷವಾದ ಕಾಡಿನ ಅಂಚಿನಲ್ಲಿ ಬದುಕುವ ರಾಜಕುಮಾರಿಯ ಕಥೆ. 1985ರಲ್ಲಿ ಅಮೆರಿಕದಲ್ಲಿ ಅದರ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಕತ್ತರಿಸಿ, ವಾರಿಯರ್ಸ್ ಆಫ್ ದಿ ವಿಂಡ್ ಎಂದು ಹೆಸರು ಬದಲಿಸಿ ಬಿಟ್ಟರು. ಅದೇ ವರ್ಷ ರೋಬೋಟೆಕ್ ಎಂಬ ಧಾರಾವಾಹಿ ಬಂತು. ದಿನವೂ ಪ್ರಸಾರ ಮಾಡುವ ಚಾನೆಲ್ಲುಗಳಿಗೆ 65 ಕಂತಾದರೂ ಬೇಕು ಎಂಬ ಲೆಕ್ಕವಿತ್ತು; ಅಷ್ಟು ಉದ್ದದ ಕಥೆ ಸಿಗಲಿಲ್ಲ. ಸಂಬಂಧವೇ ಇಲ್ಲದ ಮೂರು ಜಪಾನಿ ಧಾರಾವಾಹಿಗಳನ್ನು ಒಂದಕ್ಕೊಂದು ಹೊಲಿದು, 85 ಕಂತಿನ ಒಂದೇ ವಂಶದ ಕಥೆ ಎಂದು ಮಾಡಿದರು. ನೋಡಿದವರಿಗೆ ಅದು ಬಹಳ ಹಿಡಿಸಿತು ಎಂಬುದೂ ನಿಜ. ಹಿಡಿಸಿದ್ದರಿಂದಲೇ ಮೂಲ ಹೇಗಿತ್ತು ಎಂಬ ಕುತೂಹಲ ಹುಟ್ಟಿತು. ತಮ್ಮ ಭಾಷೆಯಲ್ಲಿ, ಏನೂ ಕತ್ತರಿಸದೆ ನೋಡಬೇಕು, ಆಸೆ ಅಷ್ಟೇ.

ಆ ಆಸೆಗೆ ಒದಗಿದ ಯಂತ್ರದ ಹೆಸರು ಅಮಿಗಾ. ಕಮೊಡೋರ್ ಕಂಪನಿಯ ಈ ಕಂಪ್ಯೂಟರನ್ನು 1985ರ ಜುಲೈ 23ರಂದು ನ್ಯೂಯಾರ್ಕಿನಲ್ಲಿ ದೊಡ್ಡ ಸಮಾರಂಭ ಮಾಡಿ ಬಿಡುಗಡೆ ಮಾಡಿದರು. ಆ್ಯಂಡಿ ವಾರ್ಹಾಲ್ ವೇದಿಕೆಯ ಮೇಲೆ ಅದರಲ್ಲಿ ಚಿತ್ರ ಬಿಡಿಸಿದ. ಬೆಲೆ 1,295 ಡಾಲರ್. 1987ರಲ್ಲಿ 699 ಡಾಲರಿನ ಚಿಕ್ಕ ಮಾದರಿ ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಎಟುಕಿತು. ಮೊದಲ ಅಮಿಗಾದ ನೆನಪಿನ ಶಕ್ತಿ 256 ಕಿಲೋಬೈಟ್. ಇಂದು ನಿಮ್ಮ ಫೋನಿನಲ್ಲಿರುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಆದರೆ ಅದಕ್ಕೆ ಬೇರೆ ಕಂಪ್ಯೂಟರುಗಳಿಗಿಲ್ಲದ ಒಂದು ಗುಣವಿತ್ತು. ಹಳೆಯ ಟಿ.ವಿ. ಚಿತ್ರವನ್ನು ಗೆರೆಗೆರೆಯಾಗಿ ಎಳೆಯುತ್ತದೆ. ಕ್ಯಾಸೆಟ್ಟಿನ ಚಿತ್ರದ ಮೇಲೆ ಕಂಪ್ಯೂಟರಿನ ಅಕ್ಷರ ಕೂರಿಸಬೇಕಾದರೆ ಎರಡೂ ಒಂದೇ ಕ್ಷಣದಲ್ಲಿ ಮೊದಲ ಗೆರೆ ಎಳೆಯಬೇಕು. ಪಿಟೀಲಿನವರ ತಾಳ ಒಂದು, ಮೃದಂಗದವರ ತಾಳ ಇನ್ನೊಂದು ಆದರೆ ಕಚೇರಿ ಏನಾದೀತು? ಜೆನ್‌ಲಾಕ್ ಎಂಬ ಸಣ್ಣ ಡಬ್ಬಿಯೊಂದನ್ನು ಅಮಿಗಾಕ್ಕೆ ಸಿಕ್ಕಿಸಿದರೆ, ಅದು ತನ್ನ ತಾಳ ಬಿಟ್ಟು ಕ್ಯಾಸೆಟ್ಟಿನ ತಾಳಕ್ಕೆ ಬೀಳುತ್ತಿತ್ತು. ಪರದೆಯ ಹಿನ್ನೆಲೆ ಬಣ್ಣ ಇದ್ದಲ್ಲೆಲ್ಲ ಗಾಜಿನಂತೆ ಪಾರದರ್ಶಕವಾಗಿ ಹಿಂದಿನ ಚಿತ್ರ ಕಾಣುತ್ತಿತ್ತು. ಅಕ್ಷರ ಮಾತ್ರ ಮೇಲೆ ನಿಲ್ಲುತ್ತಿತ್ತು. ನಮ್ಮ ಮದುವೆ ಕ್ಯಾಸೆಟ್ಟುಗಳಲ್ಲಿ ಧಾರೆಯ ದೃಶ್ಯದ ಮೇಲೆ ವಧೂವರರ ಹೆಸರು ತೇಲಿ ಬರುತ್ತಿತ್ತಲ್ಲ, ಸುಮಾರು ಅದೇ ಬಗೆಯ ಕೆಲಸ. ಟಿ.ವಿ. ಸ್ಟುಡಿಯೋಗಳಲ್ಲಿ ದೊಡ್ಡ ದುಡ್ಡು ಸುರಿದು ಮಾಡಿಸುತ್ತಿದ್ದುದು ಹೀಗೆ ಮನೆಯ ಮೇಜಿನ ಮೇಲೆ ಬಂತು.

ಕೆಲಸದ ಕ್ರಮ ಇದು. ಜಪಾನಿ ಬಲ್ಲವರೊಬ್ಬರು ಕ್ಯಾಸೆಟ್ಟು ನಿಲ್ಲಿಸಿ ಓಡಿಸಿ, ನಿಲ್ಲಿಸಿ ಓಡಿಸಿ ಮಾತನ್ನು ಇಂಗ್ಲಿಷಿಗೆ ಬರೆಯಬೇಕು. ಇನ್ನೊಬ್ಬರು ಅದನ್ನು ಎರಡೆರಡು ಸಾಲಾಗಿ ತುಂಡರಿಸಬೇಕು. ಉದ್ದ ಹೆಚ್ಚಾದರೆ ಓದುವವರಿಗೆ ಸಮಯ ಸಾಲದು. ಮತ್ತೊಬ್ಬರು ಕೀಲಿಯ ಮೇಲೆ ಬೆರಳಿಟ್ಟು, ಪಾತ್ರ ಬಾಯಿ ತೆರೆದಾಗ ಒಮ್ಮೆ, ಮುಚ್ಚಿದಾಗ ಒಮ್ಮೆ ಒತ್ತಿ ಹೊತ್ತು ಗುರುತಿಸಬೇಕು. ಕೊನೆಗೆ ಮೂಲ ಕ್ಯಾಸೆಟ್ಟು ಒಂದು ವಿ.ಸಿ.ಆರ್.ನಲ್ಲಿ ಓಡುತ್ತಿರುವಾಗ, ಅಮಿಗಾ ಅಕ್ಷರ ಸೇರಿಸಿ, ಎರಡನೆಯ ವಿ.ಸಿ.ಆರ್. ಅದನ್ನು ಹಿಡಿಯಬೇಕು. ಇಪ್ಪತ್ತೈದು ನಿಮಿಷದ ಕಂತಿಗೆ ಇಪ್ಪತ್ತೈದು ನಿಮಿಷ. ಇಪ್ಪತ್ತನೆಯ ನಿಮಿಷದಲ್ಲಿ ಅಕ್ಷರ ಹಿಂದೆ ಬಿದ್ದರೆ ಮತ್ತೆ ಮೊದಲಿನಿಂದ. ಚಕ್ಕುಲಿ ಒತ್ತುವಾಗ ಹದ ತಪ್ಪಿದರೆ ಹಿಟ್ಟನ್ನು ಮತ್ತೆ ಒರಳಿಗೆ ಹಾಕಬಹುದು, ಇಲ್ಲಿ ಅದೂ ಇಲ್ಲ.

ಅಕ್ಷರಕ್ಕೆ ಸಾಮಾನ್ಯವಾಗಿ ಹಳದಿ ಬಣ್ಣ, ಸುತ್ತ ಕಪ್ಪು ಅಂಚು. ಬಿಳಿ ಅಕ್ಷರ ಹಿಮದ ದೃಶ್ಯದಲ್ಲಿ ಕರಗಿಹೋಗುತ್ತದೆ, ಕಪ್ಪು ರಾತ್ರಿಯಲ್ಲಿ. ಕಪ್ಪಂಚಿನ ಹಳದಿ ಎಲ್ಲೂ ಕರಗದು. ಕುಂಕುಮ ಕೇಸರಿ ಸೀರೆಗೆ ಯಾವ ಅಂಚು ಎದ್ದು ಕಾಣುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಮೇಲಿನದು ಹಂಚಿಕೆ. ಬೇಕಾದವರು ಖಾಲಿ ಕ್ಯಾಸೆಟ್ಟು, ತಮ್ಮ ವಿಳಾಸ ಬರೆದ ಸ್ಟಾಂಪು ಹಚ್ಚಿದ ಲಕೋಟೆ ಕಳಿಸುವುದು. ಹಂಚುವವರು ಪ್ರತಿ ಮಾಡಿ ವಾಪಸು ಕಳಿಸುವುದು. ಪ್ರತಿ ಮಾಡುವವರಿಗೆ ಹಿರಿಯರ ಬುದ್ಧಿಮಾತುಗಳೂ ಇದ್ದವು. ಆರು ಗಂಟೆಯ ನಿಧಾನ ವೇಗದಲ್ಲಿ ಮುದ್ರಿಸಿ ಕ್ಯಾಸೆಟ್ಟು ಉಳಿಸಲು ಹೋಗಬೇಡಿ, ಎರಡು ಗಂಟೆಯ ವೇಗದಲ್ಲೇ ಮುದ್ರಿಸಿ. ಯಂತ್ರದ ತಲೆ ಒರೆಸಿ. ಎಲ್ಲಕ್ಕಿಂತ ಮುಖ್ಯ, ಪ್ರತಿಯ ಪ್ರತಿಯಿಂದ ಪ್ರತಿ ಮಾಡಬೇಡಿ. ಹೆಪ್ಪು ಹಾಕಿದ ಮೊಸರು ನೂರನೆಯ ದಿನವೂ ಮೊಸರೇ, ಕ್ಯಾಸೆಟ್ಟು ಹಾಗಲ್ಲ. ಮೂರನೆಯ ತಲೆಮಾರಿಗೆ ಕೆಂಪು ಬಣ್ಣ ತುಟಿ ದಾಟಿ ಕೆನ್ನೆಗೆ ಹರಿಯುತ್ತದೆ, ಐದನೆಯ ತಲೆಮಾರಿಗೆ ಅಕ್ಷರವೇ ಮಂಜು. ಹೀಗಾಗಿ ಯಾರ ಬಳಿ ಎಷ್ಟನೆಯ ತಲೆಮಾರಿನ ಪ್ರತಿಯಿದೆ ಎಂಬುದು ದೊಡ್ಡ ಸಂಗತಿಯಾಗಿತ್ತು. ತ್ರಿವೇಣಿಯವರ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಮನೆಯಿಂದ ಮನೆಗೆ ಕೊಟ್ಟು, ಕಡೆಯವರಿಗೆ ತಲುಪುವಾಗ ಕೊನೆಯ ಪುಟವೇ ಇಲ್ಲದಾಗುತ್ತಿದ್ದ ಕಾಲ ನೆನಪಿರುವವರಿಗೆ ಇದರ ಕಷ್ಟ ತಿಳಿದೀತು.

ಈಗ ಕಟ್ಟಳೆಯ ಮಾತು. ಟಿ.ವಿ. ಕಾರ್ಯಕ್ರಮವನ್ನು ಮನೆಯಲ್ಲಿ ನೋಡಲೆಂದು ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1984ರ ಜನವರಿಯಲ್ಲಿ ತೀರ್ಪು ಕೊಟ್ಟಿತ್ತು. ಸಿನಿಮಾ ಕಂಪನಿಗಳು ಸೋನಿಯ ಬೀಟಾಮ್ಯಾಕ್ಸ್ ಮೇಲೆ ಹೂಡಿದ ದಾವೆ ಅದು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಸೋನಿಯ ಪರ, ನಾಲ್ವರು ವಿರುದ್ಧ. ಕೂದಲೆಳೆಯಲ್ಲಿ ಗೆದ್ದದ್ದು. ಆದರೆ ಇನ್ನೊಬ್ಬರ ಚಿತ್ರಕ್ಕೆ ಅನುವಾದ ಸೇರಿಸಿ ಊರಿಗೆಲ್ಲ ಹಂಚಲು ಆ ತೀರ್ಪು ಒಪ್ಪಿಗೆ ಕೊಟ್ಟಿರಲಿಲ್ಲ. ಹಂಚುವವರಿಗೂ ಇದು ಗೊತ್ತು. ಆದ್ದರಿಂದ ಚಿತ್ರದ ಮೊದಲಿಗೋ ನಡುವಿಗೋ ಒಂದು ಸೂಚನೆ ಹಾಕುತ್ತಿದ್ದರು: ಇದು ಅಭಿಮಾನಿಗಳು ಅಭಿಮಾನಿಗಳಿಗಾಗಿ ಮಾಡಿದ್ದು, ಮಾರಬಾರದು, ಬಾಡಿಗೆಗೆ ಕೊಡಬಾರದು. ಬರೆಯದ ಇನ್ನೊಂದು ನಿಯಮವೂ ಇತ್ತು. ಯಾವುದಾದರೂ ಕಂಪನಿ ಆ ಚಿತ್ರವನ್ನು ದುಡ್ಡು ಕೊಟ್ಟು ಕೊಂಡು ಅಮೆರಿಕದಲ್ಲಿ ಬಿಡುಗಡೆ ಮಾಡುತ್ತದೆಂದು ತಿಳಿದೊಡನೆ ಹಂಚುವುದನ್ನು ನಿಲ್ಲಿಸಬೇಕು. ಅಂಗಡಿಯಿಂದ ಕೊಳ್ಳಿ ಎಂದು ಹೇಳಬೇಕು. ಅಂಗಡಿಯ ಕ್ಯಾಸೆಟ್ಟಿಗೋ ಆಗ ಸುಮಾರು ಮೂವತ್ತು ನಲವತ್ತು ಡಾಲರ್!

ಎಲ್ಲರೂ ಪಾಲಿಸಲಿಲ್ಲ. ಸೂಚನೆಯಿರುವ ಕ್ಯಾಸೆಟ್ಟನ್ನೇ ಮಾರಿ ದುಡ್ಡು ಮಾಡಿಕೊಂಡವರಿದ್ದರು. ಆದರೂ ಪೊಲೀಸರಿಲ್ಲದ, ದಂಡವಿಲ್ಲದ ಒಂದು ನಿಯಮವನ್ನು, ತಿಂಗಳುಗಟ್ಟಲೆ ಬೆವರು ಸುರಿಸಿದ ತಮ್ಮ ಕೆಲಸವನ್ನೇ ಮೂಲೆಗಿಡಬೇಕಾದ ನಿಯಮವನ್ನು, ಇಷ್ಟೊಂದು ಜನ ಪಾಲಿಸಿದ್ದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಹವ್ಯಾಸದಿಂದ ಕಂಪನಿಗೆ ದಾಟಿದವರೂ ಇದ್ದರು. ರಾಬರ್ಟ್ ವುಡ್‌ಹೆಡ್ 1981ರಲ್ಲಿ ಗೆಳೆಯನೊಡನೆ ವಿಜರ್ಡ್ರಿ ಎಂಬ ಕಂಪ್ಯೂಟರ್ ಆಟ ಬರೆದವನು. ಅದು ಜಪಾನಿನಲ್ಲಿ ಜನಪ್ರಿಯವಾಗಿ ಅವನಿಗೆ ಆ ದೇಶದ ನಂಟು ಬೆಳೆಯಿತು. ಮ್ಯಾಕಿಂತೋಷ್ ಕಂಪ್ಯೂಟರುಗಳಿಗೆ ವೈರಸ್ ಕಾಟ ಶುರುವಾದಾಗ ಅದನ್ನು ಹುಡುಕಿ ಕೊಡುವ ಇಂಟರ್‌ಫೆರಾನ್ ಎಂಬ ಸಾಧನ ಬರೆದವನೂ ಅವನೇ. 1988ರಲ್ಲಿ ಅವನೂ ಜತೆಗಾರನೂ ಸೇರಿ ಆ್ಯನಿಮೇಗೋ ಎಂಬ ಕಂಪನಿ ತೆರೆದು, ಜಪಾನಿನವರಿಗೆ ದುಡ್ಡು ಕೊಟ್ಟು, ಅಕ್ಷರ ಹಾಕಿದ ಅನಿಮೆ ಕ್ಯಾಸೆಟ್ಟುಗಳನ್ನು ಮಾರತೊಡಗಿದರು.

ಹೆಣ್ಣುಮಕ್ಕಳು ಅಮೆರಿಕದ ಈ ಲೋಕಕ್ಕೆ ಹಿಂಡುಹಿಂಡಾಗಿ ಬಂದದ್ದು ಸೈಲರ್ ಮೂನ್ ದೆಸೆಯಿಂದ. ಬರೆದವಳು ನಾವೊಕೊ ತಾಕೆಉಚಿ, ಔಷಧಶಾಸ್ತ್ರ ಓದಿ ಪರವಾನಗಿ ಪಡೆದವಳು. 1992ರ ಮಾರ್ಚಿನಲ್ಲಿ ಟಿ.ವಿ. ಧಾರಾವಾಹಿ ಶುರುವಾಯಿತು. ನಾಯಕಿ ಅಳುಬುರುಕಿ, ಪರೀಕ್ಷೆಯಲ್ಲಿ ಸದಾ ಹಿಂದೆ, ತಿಂಡಿಪೋತಿ. ಅವಳೇ ಗೆಳತಿಯರನ್ನು ಕಟ್ಟಿಕೊಂಡು ಲೋಕ ಕಾಯಬೇಕು. ಹೆಸರು ತ್ಸುಕಿನೊ ಉಸಾಗಿ. ಕಿವಿಗೆ ಬೀಳುವ ಅರ್ಥ 'ಚಂದ್ರನ ಮೊಲ'. ಅಮೆರಿಕದ ಮಕ್ಕಳಿಗೆ ಚಂದ್ರನಲ್ಲಿ ಮೊಲವಿರುವುದು ಗೊತ್ತಿಲ್ಲ; 1995ರಲ್ಲಿ ಅಲ್ಲಿ ಪ್ರಸಾರ ಮಾಡಿದವರು ಅವಳಿಗೆ ಸೆರೀನಾ ಎಂದು ಹೆಸರಿಟ್ಟರು. ನಮ್ಮ ಮಕ್ಕಳಿಗಾದರೆ ಹೇಳಬೇಕಾದ್ದೇ ಇಲ್ಲ, ಚಂದ್ರನನ್ನು ಶಶಾಂಕ ಎನ್ನುವ ನಾಡು ಇದು. ಹಸಿದವನಿಗಾಗಿ ತಾನೇ ಬೆಂಕಿಗೆ ಹಾರಿದ ಮೊಲದ ಜಾತಕ ಕಥೆ ಬೌದ್ಧರೊಡನೆ ಜಪಾನಿಗೂ ಹೋಗಿ ಅಲ್ಲಿನ ಹಳೆಯ ಕಥಾಸಂಗ್ರಹ ಸೇರಿದೆ. ಇಂಥ ಕಡೆ ಅಭಿಮಾನಿಗಳ ಎರಡು ಸಾಲು ಹೆಸರನ್ನು ಹೆಸರಾಗಿಯೇ ಉಳಿಸಿಕೊಳ್ಳುತ್ತಿತ್ತು.

ಅಮೆರಿಕದ ಪ್ರಸಾರದಲ್ಲಿ ಹೆಸರಷ್ಟೇ ಹೋಗಲಿಲ್ಲ. ಮೊದಲ ಭಾಗದ ಕೊನೆಯಲ್ಲಿ ಗೆಳತಿಯರು ಒಬ್ಬೊಬ್ಬರಾಗಿ ಸಾಯುವ ಎರಡು ಕಂತುಗಳನ್ನು ಕತ್ತರಿಸಿ ಒಂದು ಮಾಡಿದರು. ಸಾವು ಮಕ್ಕಳ ಟಿ.ವಿ.ಗೆ ಹೆಚ್ಚಾಯಿತು ಎಂದು. 65 ಕಂತಿಗೆ ಧಾರಾವಾಹಿಯೇ ಕಥೆಯ ಮಧ್ಯದಲ್ಲಿ ನಿಂತುಹೋಯಿತು. ಆಗ 'ಸೇವ್ ಅವರ್ ಸೈಲರ್ಸ್' ಎಂಬ ಚಳವಳಿ ಹುಟ್ಟಿತು. ಅವರು 1997ರಲ್ಲಿ ಹೂಡಿದ ಉಪಾಯ ಕೇಳಿದರೆ ನಗು ಬರುತ್ತದೆ. ಒಂದು ಸಾಮಾನನ್ನು ಕೊಳ್ಳದೆ ಬಹಿಷ್ಕರಿಸುವುದು ಗೊತ್ತು. ಇವರು ಪಾಪ್ ಟಾರ್ಟ್ ಎಂಬ ಜಾಮು ತುಂಬಿದ ತಿಂಡಿಯನ್ನು ಎಲ್ಲರೂ ಒಂದೇ ದಿನ ಕೊಳ್ಳಿ ಎಂದು ಕರೆ ಕೊಟ್ಟರು, ಜಾಹೀರಾತು ಕೊಡುವವರ ಕಣ್ಣಿಗೆ ಬೀಳಲಿ ಎಂದು. ತಿಂಡಿಪೋತಿ ನಾಯಕಿಗೆ ಇದಕ್ಕಿಂತ ಒಪ್ಪುವ ಸತ್ಯಾಗ್ರಹ ಯಾವುದು? 1998ರಲ್ಲಿ ಬೇರೊಂದು ಚಾನೆಲ್ಲಿನಲ್ಲಿ ಅದು ಮರಳಿ ಬಂತು, ಬಾಕಿಯಿದ್ದ 17 ಕಂತುಗಳೂ ಬಂದವು. ತಿಂಡಿಯಿಂದಲೇ ಬಂತೆಂದು ನಾನು ಹೇಳಲಾರೆ.

ಇದೇ ಸೈಲರ್ ಮೂನ್ ಇನ್ನೊಂದು ಉಪಕಾರ ಮಾಡಿದೆ. ಆ ಧಾರಾವಾಹಿಯ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಚಿಕ್ಕದು ಮಾಡಿ ಇಟ್ಟುಕೊಳ್ಳಲೆಂದು ಏವರಿ ಲೀ ಎಂಬ ಕಾಲೇಜು ವಿದ್ಯಾರ್ಥಿ ವರ್ಚುವಲ್‌ಡಬ್ ಎಂಬ ಸಾಧನ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಉಚಿತವಾಗಿ ಬಿಟ್ಟ. ಅನಿಮೆ ಎಂದರೇನೆಂದು ತಿಳಿಯದ ಎಷ್ಟೋ ಜನ ಎಷ್ಟೋ ದೇಶಗಳಲ್ಲಿ ತಮ್ಮ ಮನೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿದ್ದು ಅದರಲ್ಲಿ.

ಇಷ್ಟೆಲ್ಲ ಮೆಚ್ಚಿ ಬರೆದ ಮೇಲೆ ಒಂದು ಮುಳ್ಳು ಉಳಿಯುತ್ತದೆ. ಉಚಿತವಾಗಿ ಹಂಚಿದ ಪ್ರತಿ ಕ್ಯಾಸೆಟ್ಟಿನ ಹಿಂದೆ ಜಪಾನಿನಲ್ಲಿ ಕೂಲಿಗೆ ಚಿತ್ರ ಬರೆದವರಿದ್ದರು. ಪಾರದರ್ಶಕ ಹಾಳೆಯ ಹಿಂಬದಿಯಲ್ಲಿ ಒಂದೊಂದಾಗಿ ಬಣ್ಣ ತುಂಬುವ ಕೆಲಸ ಬಹುಪಾಲು ಹೆಂಗಸರದು. ಮನೆಗೆ ಹಾಳೆ ತಂದು, ಇಷ್ಟು ಹಾಳೆಗೆ ಇಷ್ಟು ಎಂದು ಬಣ್ಣ ತುಂಬಿ ಕೊಡುವ ಗೃಹಿಣಿಯರೂ ಇದ್ದರು. ನಮ್ಮಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಲೆಕ್ಕದಲ್ಲೇ. ಅವರಲ್ಲಿ ಒಬ್ಬಳ ಹೆಸರನ್ನಾದರೂ ಹೇಳಬೇಕು. ಮಿಚಿಯೊ ಯಾಸುದಾ ಹುಟ್ಟಿದ್ದು 1939ರಲ್ಲಿ. ಹೈಸ್ಕೂಲು ಮುಗಿಸಿ 1958ರಲ್ಲಿ ತೋಯಿ ಎಂಬ ಸ್ಟುಡಿಯೋದ ಬಣ್ಣದ ವಿಭಾಗಕ್ಕೆ ಸೇರಿದಳು. ಅಲ್ಲಿನ ಕಾರ್ಮಿಕ ಸಂಘದ ಕೆಲಸದಲ್ಲಿ ಮಿಯಾಜಾಕಿ, ತಾಕಾಹಾತಾ ಪರಿಚಯವಾದರು. ನೌಸಿಕಾದಿಂದ ಮೊದಲ್ಗೊಂಡು ಅವರ ಎಷ್ಟೋ ಸಿನಿಮಾಗಳಿಗೆ ಯಾವ ಹುಲ್ಲು ಯಾವ ಹಸಿರು, ಸಂಜೆಯಲ್ಲಿ ಅದೇ ಹುಲ್ಲು ಯಾವ ಹಸಿರು ಎಂದು ನಿರ್ಧರಿಸಿದವಳು ಅವಳು. 1997ರ ಪ್ರಿನ್ಸೆಸ್ ಮೊನೊನೊಕೆಯಲ್ಲಿ ಕೆಲವು ನಿಮಿಷ ಮಾತ್ರ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು. ಎರಡು ವರ್ಷಗಳ ನಂತರದ ಸಿನಿಮಾದಲ್ಲಿ ಕುಂಚವೇ ಇಲ್ಲ, ಎಲ್ಲವೂ ಕಂಪ್ಯೂಟರು. ಅರವತ್ತರ ಹತ್ತಿರವಿದ್ದ ಯಾಸುದಾ ಅದನ್ನೂ ಕಲಿತು ಮಾಡಿದಳು. ತೀರಿಕೊಂಡದ್ದು 2016ರಲ್ಲಿ. ಕ್ಯಾಸೆಟ್ಟು ಹಂಚಿದವರ ಪ್ರೀತಿ ಎಷ್ಟೇ ನಿಜವಿರಲಿ, ಅದರಿಂದ ಇಂಥವರ ಮನೆಯ ಒಲೆ ಉರಿಯಲಿಲ್ಲ. ಕಂಪನಿ ಕೊಂಡೊಡನೆ ನಾವು ಹಿಂದೆ ಸರಿಯಬೇಕೆಂಬ ಕಟ್ಟಳೆಯ ಬೆಲೆ ನನಗೆ ತಿಳಿದದ್ದು ಬಣ್ಣದ ಕೋಣೆಯ ಕಡೆಯಿಂದ ನೋಡಿದಾಗ.

ಕಮೊಡೋರ್ ಕಂಪನಿ 1994ರ ಏಪ್ರಿಲಿನಲ್ಲಿ ದಿವಾಳಿಯಾಯಿತು. ಕ್ಯಾಸೆಟ್ಟು ಹೋಗಿ ಡಿಸ್ಕು, ಡಿಸ್ಕು ಹೋಗಿ ಇಂಟರ್‌ನೆಟ್ಟು ಬಂತು. ಪ್ರತಿಯ ಪ್ರತಿಯೂ ಮೂಲದಷ್ಟೇ ಸ್ವಚ್ಛವಾದಾಗ ಹಳೆಯ ಕಟ್ಟಳೆ ಸಡಿಲವಾಯಿತು. ಲಕೋಟೆಗೆ ಸ್ಟಾಂಪು ಹಚ್ಚುವ ಶ್ರಮವೇ ಇಲ್ಲದ ಕಡೆ ಸಂಯಮ ಎಲ್ಲಿಂದ? 2006ರಲ್ಲಿ ಕ್ರಂಚಿರೋಲ್ ಎಂಬ ತಾಣ ಹುಟ್ಟಿದ್ದು ಜನ ತಾವೇ ತಂದು ಹಾಕಿದ, ಪರವಾನಗಿಯಿಲ್ಲದ ಚಿತ್ರಗಳ ಮೇಲೆ. 2009ರ ಆರಂಭದಲ್ಲಿ ಅದು ಅವನ್ನು ತೆಗೆದುಹಾಕಿ, ಜಪಾನಿನ ಚಾನೆಲ್ಲಿಗೆ ದುಡ್ಡು ಕೊಟ್ಟು, ನ್ಯಾಯವಾದ ದಾರಿ ಹಿಡಿಯಿತು. 2021ರಲ್ಲಿ ಅದನ್ನು 117.5 ಕೋಟಿ ಡಾಲರ್ ಕೊಟ್ಟು ಕೊಂಡವರು ಯಾರು ಗೊತ್ತೇ? ಬೀಟಾಮ್ಯಾಕ್ಸಿನ ಸೋನಿಯವರು.

ಭಾರತದಲ್ಲೂ ಅನಿಮೆ ಈಗ ಸಿನಿಮಾ ಮಂದಿರಕ್ಕೆ ಬರುತ್ತದೆ. ಯೂಗೊ ಸಾಕೊ ಎಂಬ ಜಪಾನಿ ನಮ್ಮ ರಾಮ್ ಮೋಹನರ ಜತೆ ಸೇರಿ 1992ರಲ್ಲಿ ಮಾಡಿದ ರಾಮಾಯಣ 2025ರ ಜನವರಿಯಲ್ಲಿ ಮತ್ತೆ ತೆರೆ ಕಂಡಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಬಂತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ಎರಡು ಸಾಲು ಹಾಕಲು ಜೆನ್‌ಲಾಕೇನೂ ಬೇಡ ಎಂಬುದು ನನ್ನ ಹವ್ಯಾಸಿ ತಕರಾರು.

ಏನು ಬೇಕು ಎಂದು ಹೇಳಿಬಿಡುತ್ತೇನೆ. ಬೇರೆಯವರ ಸಿನಿಮಾ ಬೇಡ, ನಿಮ್ಮದೇ ವಿಡಿಯೋ ತೆಗೆದುಕೊಳ್ಳಿ. ಅಜ್ಜಿ ತುಳುವಿನಲ್ಲೋ ಕೊಂಕಣಿಯಲ್ಲೋ ಕಥೆ ಹೇಳಿದ್ದು, ಸೊಸೆಯಂದಿರಿಗೆ ಪೂರ್ತಿ ತಿಳಿಯದ್ದು. ಕಂಪ್ಯೂಟರಿನ ನೋಟ್‌ಪ್ಯಾಡ್ ತೆರೆಯಿರಿ. ಮೊದಲ ಸಾಲಿನಲ್ಲಿ 1 ಎಂದು ಬರೆಯಿರಿ. ಎರಡನೆಯ ಸಾಲಿನಲ್ಲಿ ಮಾತು ಶುರುವಾಗುವ ಮತ್ತು ಮುಗಿಯುವ ಹೊತ್ತು, ಹೀಗೆ: 00:00:05,000 --> 00:00:08,000. ಗಂಟೆ, ನಿಮಿಷ, ಸೆಕೆಂಡು, ಅಲ್ಪವಿರಾಮದ ಆಚೆ ಸೆಕೆಂಡಿನ ಸಾವಿರದ ಒಂದು ಪಾಲು. ಮೂರನೆಯದರಲ್ಲಿ ಕನ್ನಡದ ಮಾತು. ಒಂದು ಸಾಲು ಖಾಲಿ ಬಿಟ್ಟು 2. ಕಡತಕ್ಕೆ ವಿಡಿಯೋದ ಹೆಸರನ್ನೇ ಇಟ್ಟು, ಕೊನೆಗೆ ಚುಕ್ಕಿ ಹಾಕಿ ಎಸ್‌ಆರ್‌ಟಿ ಎಂಬ ಮೂರು ಇಂಗ್ಲಿಷ್ ಅಕ್ಷರ ಸೇರಿಸಿ, ವಿಡಿಯೋ ಇರುವ ಕಡೆಯೇ ಉಳಿಸಿ. ವಿಎಲ್‌ಸಿಯಲ್ಲಿ ವಿಡಿಯೋ ತೆರೆದರೆ ಅಕ್ಷರ ತಾನಾಗಿ ಮೂಡುತ್ತದೆ.

ಒಂದೇ ಎಚ್ಚರಿಕೆ. ಉಳಿಸುವಾಗ ಯುಟಿಎಫ್-8 ಎಂಬುದನ್ನು ಆರಿಸಿ. 2019ಕ್ಕಿಂತ ಹಳೆಯ ವಿಂಡೋಸಿನಲ್ಲಿ ಅದನ್ನು ನಾವೇ ಆರಿಸಬೇಕು, ಮರೆತರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಕಿದರೆ ಚಿತ್ರವಿಚಿತ್ರ ಗುರುತುಗಳು. 1978ರಲ್ಲಿ 6,349 ಚಿತ್ರಾಕ್ಷರಗಳಿಗೆ ಸಂಖ್ಯೆ ಕೊಟ್ಟು, ಆಮೇಲೆ ಒಂದೊಂದು ಯಂತ್ರ ಒಂದೊಂದು ರೀತಿ ಅದನ್ನು ಓದಿ ಪಡಬಾರದ ಪಾಡು ಪಟ್ಟ ಜಪಾನಿನವರು ಈ ಅವಾಂತರಕ್ಕೆ 'ಮೋಜಿಬಾಕೆ' ಎನ್ನುತ್ತಾರೆ. ಮೋಜಿ ಎಂದರೆ ಅಕ್ಷರ. ಬಾಕೆ ಎಂದರೆ ರೂಪ ಬದಲಿಸುವುದು. ಅವರ ಭಾಷೆಯಲ್ಲಿ ದೆವ್ವಕ್ಕೂ ಅದೇ ಧಾತು.